ಅಮ್ಮ ಹತ್ತದ ಜೀಪು

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹತ್ತಿರ ಹತ್ತಿರ 55 ಕಿಲೋಮೀಟರ್. ಚಿಕ್ಕಂದಿನಿಂದ ಎಷ್ಟು ಸಲ ಓಡಾಡಿದ್ದೀನೋ ಲೆಕ್ಕ ಇಲ್ಲ. ಅಪ್ಪನ ಹೊಲ ಸಿರುಗುಪ್ಪದ ಕಡೆ, ಅಮ್ಮನ ತವರು ಕುರುಗೋಡು, ನಾವು ಇರೋದು ಬಳ್ಳಾರಿ ಸಿಟಿಯಲ್ಲಿ. ಈ ಮೂರು ಊರಿನ ನಡುವೆ ನಮ್ಮ ಮನೆಯ ಹಳೇ ಮಹೀಂದ್ರಾ ಎಂಎಂ 540 ಜೀಪು ವರ್ಷಗಟ್ಟಲೆ ಓಡಾಡಿದೆ. ಅಪ್ಪ ಹೋದ ಮೇಲೆ ಅದು ನನ್ನ ಕೈಗೆ ಬಂತು. ಬಂದ ವರ್ಷವೇ ನಾನು ಅದನ್ನು ಎರಡೂವರೆ ಇಂಚು ಎತ್ತರ ಮಾಡಿಸಿದೆ. ಆಮೇಲೆ ಆರು ತಿಂಗಳು ಪಟ್ಟ ಪಾಡನ್ನು ಇಲ್ಲಿ ಬರೀತಾ ಇದ್ದೀನಿ. ನಿಮ್ಮ ಮನೆಯಲ್ಲೂ ಯಾರಿಗಾದರೂ ಜೀಪಿನ ಹುಚ್ಚಿದ್ದರೆ ಓದೋಕೆ ಕೊಡಿ.

ಎತ್ತರ ಯಾಕೆ ಅಂತ ಕೇಳಿದವರಿಗೆಲ್ಲ ಎರೆ ಮಣ್ಣು ಅಂತ ಹೇಳ್ತಿದ್ದೆ. ಸಿರುಗುಪ್ಪ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಮಳೆ ಬಿದ್ದರೆ ಕಾಲುವೆ ಏರಿಯ ಪಕ್ಕದ ದಾರಿಯೆಲ್ಲ ಹಿಟ್ಟು ನಾದಿದ ಹಾಗೆ. ಟ್ರ್ಯಾಕ್ಟರ್ ಓಡಾಡಿ ಎರಡು ಕಡೆ ಕೊರಕಲು, ನಡುವೆ ದಿಬ್ಬ. ಜೀಪಿನ ಹಿಂದಿನ ಡಿಫರೆನ್ಷಿಯಲ್ ಗಡ್ಡೆ ಆ ದಿಬ್ಬಕ್ಕೆ ಒರೆಸಿಕೊಂಡೇ ಹೋಗಬೇಕು. ಇದು ನಾನು ಹೇಳುತ್ತಿದ್ದ ಕಾರಣ. ನಿಜ ಏನಂದ್ರೆ, ರಾತ್ರಿ ಹೊತ್ತು ಮೊಬೈಲಿನಲ್ಲಿ ಎತ್ತರದ ಜೀಪುಗಳು ಬಂಡೆ ಹತ್ತೋ ವಿಡಿಯೋ ನೋಡಿ ನೋಡಿ ತಲೆ ಕೆಟ್ಟಿತ್ತು. ನನ್ನ ಹೆಂಡತಿಗೆ ಅದು ಗೊತ್ತಿತ್ತು. "ಹೊಲಕ್ಕೆ ಹೋಗೋಕೆ ಎತ್ತರ ಮಾಡಿಸ್ತೀರೋ, ಕೋಟೆ ಗುಡ್ಡ ಹತ್ತೋಕೋ?" ಅಂದಿದ್ದಳು.

ಕೋಟೆ ಅಂದ ಕೂಡಲೇ ನೆನಪಾಯ್ತು. ಬಳ್ಳಾರಿ ಕೋಟೆಯ ಬಗ್ಗೆ ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿರುವ ಕತೆಯೊಂದಿದೆ. ಹೈದರಾಲಿ ಫ್ರೆಂಚ್ ಇಂಜಿನಿಯರ್ ಒಬ್ಬನಿಂದ ಕೋಟೆ ಬಲಪಡಿಸಿದನಂತೆ. ಕೆಲಸ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ! ಅಲ್ಲಿಂದ ಫಿರಂಗಿ ಹೊಡೆದರೆ ಕೋಟೆಯ ಗತಿ ಏನು? ಎತ್ತರದ ಲೆಕ್ಕ ತಪ್ಪಿದ ಆ ಇಂಜಿನಿಯರನ್ನು ಗಲ್ಲಿಗೇರಿಸಿದರು ಅಂತ ಹೇಳ್ತಾರೆ. ನನ್ನ ಜೀಪಿನ ಎತ್ತರದ ಲೆಕ್ಕ ತಪ್ಪಿದ ಪುಣ್ಯಾತ್ಮನಿಗೆ ನಾನೇ ದುಡ್ಡು ಎಣಿಸಿ ಕೊಟ್ಟು ಬಂದಿದ್ದೆ.

ಅವನು ಮಾಡಿದ್ದು ಇಷ್ಟು. ಸ್ಪ್ರಿಂಗಿಗೆ ಬಾಗು ಜಾಸ್ತಿ ಇರುವ ಹೊಸ ಪ್ಲೇಟು ಹಾಕಿದ. ಅದು ಸಾಲದು ಅಂತ ಸ್ಪ್ರಿಂಗ್ ತೂಗುಬಿಟ್ಟಿರುವ ಶ್ಯಾಕಲ್ ಎರಡಿಂಚು ಉದ್ದ ಮಾಡಿದ. ಊರೊಳಗೆ ಒಂದು ಸುತ್ತು ಹಾಕಿದೆ, ಏನೂ ತೊಂದರೆ ಇಲ್ಲ. ಎತ್ತರದಲ್ಲಿ ಕೂತು ಸ್ಕೂಟರಿನವರನ್ನು ಕೆಳಗೆ ನೋಡೋ ಸುಖ ಬೇರೆ. ಮಾರನೇ ದಿನ ಸಿರುಗುಪ್ಪ ರಸ್ತೆ, ಅಂದರೆ ಈಗಿನ ರಾಷ್ಟ್ರೀಯ ಹೆದ್ದಾರಿ 150ಎ ಹಿಡಿದೆ. ಸ್ಪೀಡು 50 ದಾಟಿತು. ಕಾಲಡಿಯಿಂದ ಒಂದು ಗುಂಯ್‌ ಶುರುವಾಯ್ತು. 55ಕ್ಕೆ ಸೀಟು, ಗೇರ್ ಲಿವರು, ಕನ್ನಡಿ ಎಲ್ಲಾ ನಡುಗೋಕೆ ಹತ್ತಿದವು. ಕನ್ನಡಿಯಲ್ಲಿ ಹಿಂದಿನ ಲಾರಿ ಒಂದಿದ್ದದ್ದು ಎರಡಾಗಿ ಕಾಣ್ತಿತ್ತು.

ವಾಪಸ್ ಹೋಗಿ ಹೇಳಿದೆ. "ಇಂಜಿನ್ ವೈಬ್ರೇಶನ್ ಸಾರ್, ಮೌಂಟಿಂಗ್ ಹೋಗಿದೆ" ಅಂದ. ಮೌಂಟಿಂಗ್ ರಬ್ಬರ್ ಬದಲಾಯಿಸಿದರು, 3,800 ರೂಪಾಯಿ. ಗುಂಯ್‌ ಹಾಗೇ ಇತ್ತು. ಟೈರ್ ಬ್ಯಾಲೆನ್ಸ್ ಮಾಡಿಸಿ ಅಂದರು, ಮಾಡಿಸಿದೆ. ಹಾಗೇ ಇತ್ತು. ಮೂರನೇ ಸಲ ಹೋದಾಗ ಗೇರ್‌ಬಾಕ್ಸ್ ಕೂರುವ ಅಡ್ಡ ಪಟ್ಟಿಗೂ ಚಾಸಿಗೂ ನಡುವೆ ಒಂದಿಂಚಿನ ಕಬ್ಬಿಣದ ತುಂಡು ಇಟ್ಟು ಗೇರ್‌ಬಾಕ್ಸನ್ನು ಕೆಳಗಿಳಿಸಿದರು. ಹೆದ್ದಾರಿಯ ಗುಂಯ್‌ ಸ್ವಲ್ಪ ತಗ್ಗಿದ ಹಾಗನ್ನಿಸಿತು. ಆದರೆ ಈಗ ಹೊಸದೊಂದು ಶುರು. ಗಾಡಿ ನಿಂತಿದ್ದಾಗಲೇ, ಸಿಗ್ನಲ್ಲಿನಲ್ಲಿ, ಮೈಯೆಲ್ಲ ಕಡಕಡ ಅಂತ ಅಲುಗೋದು. ನಾಲ್ಕನೇ ಸಲ ಹೋದಾಗ, "ಹಳೇ ಇಂಜಿನ್ ಸಾರ್, ಬಿಚ್ಚಿ ಓವರಾಲ್ ಮಾಡಿಬಿಡೋಣ, 60,000 ಆಗಬಹುದು" ಅಂದರು. ನಾನು ಮನೆಗೆ ಬಂದುಬಿಟ್ಟೆ.

ಇಷ್ಟರಲ್ಲಿ ಅಮ್ಮ ಹೊಲಕ್ಕೆ ಬರೋದು ನಿಲ್ಲಿಸಿದ್ದಳು. ಕೇಳಿದರೆ, "ಮೊಣಕಾಲು ಕಣಪ್ಪ, ನೀನೇ ಹೋಗಿ ಬಾ" ಅನ್ನೋಳು. ಅಪ್ಪ ಇದ್ದಾಗ ವಾರಕ್ಕೊಂದು ಸಲ ತಪ್ಪದೆ ಮುಂದಿನ ಸೀಟಲ್ಲಿ ಕೂತು ಬರುತ್ತಿದ್ದವಳು. ಅಪ್ಪ ಇಲ್ಲದ ಹೊಲ ನೋಡೋಕೆ ಮನಸ್ಸಾಗ್ತಿಲ್ಲ ಅಂತ ನಾನೇ ಅರ್ಥ ಮಾಡಿಕೊಂಡೆ. ಒತ್ತಾಯ ಮಾಡಲಿಲ್ಲ. ಹೆಂಡತಿಯ ಹತ್ತಿರ ಕೂಡ ಹಾಗೇ ಹೇಳಿದ್ದೆ.

ನಮ್ಮ ಓಣಿಯ ಮೂಲೆಯಲ್ಲಿ ಒಬ್ಬ ಹಳೇ ಮೆಕ್ಯಾನಿಕ್ ಇದ್ದಾರೆ. ಎಲ್ಲರಿಗೂ ಚಾಚಾ. ಗಣಿ ಲಾರಿಗಳು ಹಗಲೂ ರಾತ್ರಿ ಕೆಂಪು ಧೂಳೆಬ್ಬಿಸಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ ಟಿಪ್ಪರ್ ಕೆಳಗೆ ಮಲಗಿ ಕೆಲಸ ಕಲಿತವರು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ ಮೇಲೆ ಲಾರಿಗಳೂ ನಿಂತವು, ಚಾಚಾ ಮನೆ ಮುಂದೆಯೇ ಸಣ್ಣಪುಟ್ಟ ರಿಪೇರಿ ಮಾಡ್ಕೊಂಡಿದ್ದಾರೆ. ಇಂಜಿನ್ ನಡುಗ್ತದೆ ಅಂತ ಹೇಳಿದ್ದಕ್ಕೆ ಅವರು ಬಾನೆಟ್ ಕೂಡ ಎತ್ತಲಿಲ್ಲ. "ನಡುಗೋದು ಯಾವಾಗ? ಅದನ್ನ ಹೇಳ್ರಿ ಮೊದಲು. ನಿಂತಾಗ್ಲಾ, ಓಡ್ವಾಗ್ಲಾ? ಎತ್ತೋವಾಗ್ಲಾ, ಬಿಟ್ಟಾಗ್ಲಾ?" ಅಂದರು. ಆರು ತಿಂಗಳಲ್ಲಿ ಯಾರೂ ನನಗೆ ಈ ಪ್ರಶ್ನೆ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಉತ್ತರ ಗೊತ್ತಿಲ್ಲದೆ ತಲೆ ಕೆರೆದುಕೊಂಡೆ. "ಭಾನುವಾರ ಹೋಗೋಣ, ಎಲ್ಲಾರ ಮಟ್ಟಸ ಜಾಗ ಇದ್ರೆ ಹೇಳ್ರಿ, ಕೆಳಗೆ ಮಲಗ್ಬೇಕು" ಅಂದರು. ಕುರುಗೋಡಿನಲ್ಲಿ ಮಾವನ ಮನೆಯ ಕಲ್ಲು ಹಾಸಿದ ಅಂಗಳ ಇತ್ತು. ಏಳನೇ ಕ್ಲಾಸಿನ ನನ್ನ ಮಗಳೂ ಹೊರಟಳು. ಅಮ್ಮನನ್ನು ಕರೆದೆ, ತವರು ಅಂದರೂ ಬರಲಿಲ್ಲ.

ಹೊರಡುವ ಮೊದಲು ಮನೆ ಮುಂದೆಯೇ ಮೊದಲ ಪರೀಕ್ಷೆ. ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರ್ ಮೆಲ್ಲಗೆ ಒತ್ತಿದೆವು. ಐಡಲ್‌ನಲ್ಲಿ ಕಡಕಡ, ಸ್ವಲ್ಪ ಏರಿಸಿದರೆ ಇನ್ನೂ ಜೋರು, ಇನ್ನೂ ಏರಿಸಿದರೆ ಕಮ್ಮಿ. ಗಾಡಿ ಒಂದಿಂಚೂ ಕದಲಿಲ್ಲ, ಆದರೂ ನಡುಗ್ತದೆ. ಅಂದರೆ ಇದು ಇಂಜಿನ್ ಕಡೆಯದು. "ಒಂದು," ಅಂತ ಚಾಚಾ ಬೆರಳು ಮಡಿಚಿದರು.

ಊರು ಬಿಟ್ಟು ಖಾಲಿ ನೇರ ರಸ್ತೆ ಸಿಕ್ಕಾಗ ಎರಡನೆಯದು. ಮೂರನೇ ಗೇರಿನಲ್ಲಿ 55, ಆಮೇಲೆ ಟಾಪ್ ಗೇರಿನಲ್ಲಿ ಅದೇ 55. ಇಂಜಿನ್ ಸುತ್ತು ಎರಡರಲ್ಲೂ ಬೇರೆ ಬೇರೆ, ಆದರೆ ಗುಂಯ್‌ ಮಾತ್ರ ಅದೇ ಸ್ಪೀಡಿಗೆ, ಅದೇ ದನಿಯಲ್ಲಿ. ಹಿಂದೆ ಮುಂದೆ ಯಾರೂ ಇಲ್ಲ ಅಂತ ನೋಡಿಕೊಂಡು ನ್ಯೂಟ್ರಲ್ ಮಾಡಿದೆ. (ಇಂಜಿನ್ ಆಫ್ ಮಾಡಬಾರದು, ಬ್ರೇಕ್ ಮೇಲೆ ಕಾಲಿರಬೇಕು.) ಇಂಜಿನ್ ಸುಮ್ಮನಾಯಿತು, ಗುಂಯ್‌ ಸುಮ್ಮನಾಗಲಿಲ್ಲ. ಗಾಡಿ ನಿಧಾನ ಆದ ಹಾಗೆ ತಾನೇ ಇಳಿಯಿತು. "ಎರಡು. ಇದು ಇಂಜಿನ್ ಅಲ್ಲ್ರೀ. ನೀವು ಎರಡು ರೋಗಕ್ಕೆ ಒಂದು ಹೆಸರಿಟ್ಕೊಂಡೀರಿ."

ಟೈರಿನದ್ದಿರಬಹುದಲ್ಲ ಅಂದೆ. ಅದಕ್ಕೆ ಅವರು ಹೇಳಿದ್ದನ್ನು ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ, ಸರಿಯಾಗಿತ್ತು. 55ರ ವೇಗದಲ್ಲಿ ಜೀಪಿನ ಚಕ್ರ ಸೆಕೆಂಡಿಗೆ ಆರೇಳು ಸುತ್ತು ತಿರುಗುತ್ತದೆ. ಟೈರು ಸರಿಯಿಲ್ಲದಿದ್ದರೆ ನಡುಕವೂ ಆರೇಳೇ, ಎಣಿಸೋಕೆ ಬರುವಷ್ಟು ನಿಧಾನ. ಸ್ಟೇರಿಂಗ್ ತೊಟ್ಟಿಲು ತೂಗಿದ ಹಾಗೆ ತೂಗ್ತದೆ. ಚಕ್ರಕ್ಕೂ ಗೇರ್‌ಬಾಕ್ಸಿಗೂ ನಡುವಿನ ಪ್ರೊಪೆಲ್ಲರ್ ಶಾಫ್ಟ್ ಅದರ ನಾಲ್ಕೈದು ಪಟ್ಟು, ಅಂದರೆ ಸೆಕೆಂಡಿಗೆ ಸುಮಾರು 30 ಸುತ್ತು. ಶಾಫ್ಟಿನ ಕ್ರಾಸ್ ಜಾಯಿಂಟಿನ ಕೋನ ತಪ್ಪಿದ್ದರೆ ಸುತ್ತಿಗೆ ಎರಡು ಸಲ ಒದೆಯುತ್ತದೆ, ಸೆಕೆಂಡಿಗೆ 60. ಅದು ಎಣಿಸೋಕೆ ಬರೋದಿಲ್ಲ, ಗುಂಯ್‌ ಅಂತಲೇ ಕೇಳೋದು. ಮಗಳು ಸೀಟಿನ ಕೆಳಗೆ ತಗಡಿಗೆ ಅಂಗೈ ಒತ್ತಿ, "ಅಪ್ಪಾ, ಇಲ್ಲಿ ಜೇನುಹುಳ ಇದ್ದಂಗಿದೆ" ಅಂದಳು.

ನನಗೆ ಕುಪ್ಪಗಲ್ಲಿನ ಬಂಡೆಗಳು ನೆನಪಾದವು. ಬಳ್ಳಾರಿ ಹತ್ತಿರದ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಜನ ಬಂಡೆಯ ಮೇಲೆ ಎತ್ತು, ಮನುಷ್ಯರ ಚಿತ್ರ ಕೆತ್ತಿದ್ದಾರೆ. ಅಲ್ಲಿನ ಕರಿಕಲ್ಲಿನ ಕೆಲವು ಬಂಡೆಗಳಲ್ಲಿ ಬಡಿದು ಬಡಿದು ಆದ ಕುಳಿಗಳಿವೆ. ಅಲ್ಲಿ ತಟ್ಟಿದರೆ ಗಂಟೆಯ ಹಾಗೆ ದನಿ ಬರುತ್ತದೆ. ಇದರ ಬಗ್ಗೆ 1892ರಲ್ಲೇ ಫಾಸೆಟ್ ಎಂಬ ಇಂಗ್ಲಿಷಿನವನು ಬರೆದಿದ್ದ, 2004ರಲ್ಲಿ ನಿಕೋಲ್ ಬೋವಿನ್ ಎಂಬ ಪುರಾತತ್ವ ತಜ್ಞೆ ಮತ್ತೆ ಬರೆದರು. ಅಪ್ಪ ಒಮ್ಮೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದ, ಇದೇ ಜೀಪಿನಲ್ಲಿ. ಒಂದು ಬಂಡೆ ಹಾಡ್ತದೆ, ಪಕ್ಕದ ಬಂಡೆ ಮೂಕ. ಕಣ್ಣಿಗೆ ಎರಡೂ ಒಂದೇ. ಕಿವಿ ಕೊಟ್ಟರೆ ಮಾತ್ರ ಗೊತ್ತಾಗೋದು. (ನೀವು ಹೋದರೆ ದಯವಿಟ್ಟು ಕಲ್ಲು ತಗೊಂಡು ಬಡಿಯಬೇಡಿ, ಈಗಾಗಲೇ ಆ ಗುಡ್ಡಗಳು ಕ್ವಾರಿ ಕೆಲಸಕ್ಕೆ ಸಾಕಷ್ಟು ಸವೆದಿವೆ.)

ಕುರುಗೋಡು ದೂರದಿಂದಲೇ ಗೊತ್ತಾಗುತ್ತದೆ. ಬಂಡೆಗಳನ್ನು ಯಾರೋ ಕೈಯಾರೆ ಪೇರಿಸಿಟ್ಟ ಹಾಗಿರುವ ಗುಡ್ಡ, ಅದರ ಮೇಲೆ ಹಳೇ ಕೋಟೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಸಿಂದರು ಇಲ್ಲಿಂದ ಆಳಿದರು. ನಮಗೆಲ್ಲ ಕುರುಗೋಡು ಅಂದರೆ ದೊಡ್ಡಬಸವೇಶ್ವರ. ಗರ್ಭಗುಡಿಯಲ್ಲಿ ಬೇರೆ ದೇವರಿಲ್ಲ, ಆಳೆತ್ತರಕ್ಕೂ ಮೀರಿದ ಏಕಶಿಲಾ ಬಸವಣ್ಣನೇ ದೇವರು. ಕೈಮುಗಿದು ಬಂದೆವು. ಚಾಚಾ ಹೊರಗೆ ನೆರಳಲ್ಲಿ ಮಿರ್ಚಿ, ಒಗ್ಗರಣೆ ಮಂಡಕ್ಕಿ ತಿನ್ನುತ್ತಾ ಕೂತಿದ್ದರು. "ಬಸವಣ್ಣ ನೋಡ್ರಿ, ಅಷ್ಟು ಎತ್ತರ ಇದ್ರೂ ನಡುಗಲ್ಲ. ಯಾಕಂದ್ರೆ ಕುಂತಾನೆ" ಅಂದರು. ಅವರ ತಮಾಷೆಯೆಲ್ಲ ಹೀಗೇ.

ಮಾವನ ಅಂಗಳದಲ್ಲಿ ನಿಜವಾದ ಕೆಲಸ ಶುರುವಾಯಿತು. ಮೊದಲು ನಾಲ್ಕೂ ಚಕ್ರಕ್ಕೆ ಕಲ್ಲು. ಹಿಂದಿನ ಶಾಫ್ಟ್ ಬಿಚ್ಚಿದ ಮೇಲೆ ಗೇರಿನಲ್ಲಿಟ್ಟರೂ ಹಿಂದಿನ ಚಕ್ರ ಉರುಳುತ್ತದೆ, ಕೆಳಗೆ ಮಲಗಿದವನ ಗತಿ ಮುಗೀತು. ಬಿಚ್ಚುವ ಮೊದಲು ಕೋನ ಅಳೆಯಬೇಕಿತ್ತು. ಮಗಳ ಜ್ಯಾಮಿಟ್ರಿ ಬಾಕ್ಸಿನ ಕೋನಮಾಪಕಕ್ಕೆ ದಾರ ಕಟ್ಟಿ, ದಾರದ ತುದಿಗೆ ಒಂದು ನಟ್ಟು. ಅದೇ ತೂಗುಗುಂಡು. ಶಾಫ್ಟಿನ ಮೇಲೆ, ಗೇರ್‌ಬಾಕ್ಸಿನ ತುದಿಯಲ್ಲಿ, ಡಿಫರೆನ್ಷಿಯಲ್ ತುದಿಯಲ್ಲಿ ಹಿಡಿದು ಓದಿದವಳು ಅವಳೇ, ಬರೆದುಕೊಂಡವನು ನಾನು. ಕಳೆದು ನೋಡಿದರೆ ಶಾಫ್ಟಿನ ಮೇಲ್ತುದಿಯ ಜಾಯಿಂಟು 10 ಡಿಗ್ರಿ ಬಾಗಿದೆ, ಕೆಳತುದಿಯದು 6.

ಕ್ರಾಸ್ ಜಾಯಿಂಟಿನ ಸ್ವಭಾವವೇ ಹಾಗಂತೆ. ಬಾಗಿ ತಿರುಗುವಾಗ ಅದು ಒಂದೇ ಸಮನೆ ತಿರುಗೋದಿಲ್ಲ, ಒಂದು ಸುತ್ತಿನಲ್ಲಿ ಎರಡು ಸಲ ಮುಂದಕ್ಕೆ ಓಡ್ತದೆ, ಎರಡು ಸಲ ಹಿಂದೆ ಬೀಳ್ತದೆ. ಇನ್ನೊಂದು ತುದಿಯ ಜಾಯಿಂಟೂ ಅಷ್ಟೇ ಬಾಗಿದ್ದರೆ ಈ ಓಟವನ್ನು ಆ ಕಡೆ ಸರಿದೂಗಿಸಿಬಿಡ್ತದೆ. ಎರಡೂ ಸಮ ಇಲ್ಲದಿದ್ದರೆ ಉಳಿದದ್ದೆಲ್ಲ ನಡುಕ. ನಿಂತು ನೋಡುತ್ತಿದ್ದ ಅತ್ತೆಗೆ ಇದು ತಕ್ಷಣ ಅರ್ಥವಾಯಿತು. "ಗೂಟ ಓರೆ ಆದ ಬೀಸುಕಲ್ಲು ಜಗ್ಗಿ ಜಗ್ಗಿ ತಿರುಗ್ತೈತಲ್ಲ, ಹಂಗ" ಅಂದಳು. ಶ್ಯಾಕಲ್ ಉದ್ದ ಮಾಡಿದಾಗ ಸ್ಪ್ರಿಂಗಿನ ಹಿಂತುದಿ ಕೆಳಗಿಳಿದು, ಅದರ ಜೊತೆ ಆಕ್ಸಲ್ಲೇ ತಿರುಗಿ, ಡಿಫರೆನ್ಷಿಯಲ್ ಮೂತಿ ಆಕಾಶ ನೋಡ್ತಿತ್ತು. ಸಮ ತಪ್ಪಿದ್ದು ಅಲ್ಲಿ.

ಆಮೇಲೆ ಶಾಫ್ಟ್ ಕೆಳಗಿಳಿಯಿತು. ಚಾಚಾ ತಮಾಷೆ ನಿಲ್ಲಿಸಿದರು. ಮೇಲಿನ ಕ್ರಾಸಿನ ಒಂದು ಕಪ್ಪಿನ ಸುತ್ತ ಕೆಂಪು ಕಂದು ಪುಡಿ. ಗ್ರೀಸ್ ಒಣಗಿ, ಒಳಗಿನ ಸೂಜಿ ಬೇರಿಂಗು ಅರೆದು ತುಕ್ಕಿನ ಪುಡಿಯಾಗಿತ್ತು. ಕೈಯಲ್ಲಿ ಅಲುಗಿಸಿದರೆ ಟಕ್ ಟಕ್. ಇನ್ನೊಂದು ನೋಡಿ ನನ್ನ ಬೆವರು ಆರಿತು. ಶಾಫ್ಟ್ ಉದ್ದ ಗಿಡ್ಡ ಆಗೋಕೆ ಒಂದರೊಳಗೊಂದು ಜಾರುವ ಹಲ್ಲಿನ ಭಾಗ ಇರುತ್ತದಲ್ಲ, ಗಾಡಿ ಎತ್ತರವಾಗಿ ಅದು ಎಳೆದುಕೊಂಡು, ಒಳಗೆ ಉಳಿದದ್ದು ಹೆಬ್ಬೆರಳಿನ ಅಗಲ. "ಹೆದ್ದಾರಿಯಾಗೆ ಇದು ಕಳಚಿದ್ರೆ ಮುಂದಿನ ತುದಿ ನೆಲಕ್ಕೆ ನಾಟ್ಕೊಂತೈತ್ರಿ. ಗಾಡಿ ಕೋಲು ಊರಿ ಹಾರ್ದಂಗೆ ಹಾರ್ತೈತೆ," ಅಂದರು. ಆರು ತಿಂಗಳಿಂದ ನಾನು ಅದರಲ್ಲಿ ಮಗಳನ್ನು ಕೂರಿಸಿಕೊಂಡು ಓಡಾಡಿದ್ದೆ. ಮಗಳು ಅಲ್ಲೇ ಕೂತು ನಟ್ಟು ಎಣಿಸುತ್ತಿದ್ದಳು. ನಾನು ಎದ್ದು ಹೋಗಿ ನೀರು ಕುಡಿದು ಬಂದೆ.

ಖಾತ್ರಿಗೆ ಒಂದು ಪರೀಕ್ಷೆ ಬಾಕಿಯಿತ್ತು. ಹಿಂದಿನ ಶಾಫ್ಟ್ ಇಲ್ಲದೆ, ಮುಂದಿನ ಹಬ್ ಲಾಕ್ ಮಾಡಿ, ಫೋರ್‌ವೀಲ್ ಹಾಕಿ ಬರೀ ಮುಂದಿನ ಚಕ್ರದ ಬಲದಲ್ಲಿ ರಸ್ತೆಗಿಳಿದೆವು. 55. ಗುಂಯ್‌ ಇಲ್ಲ! ಆದರೆ ಅಂಗಳಕ್ಕೆ ಬಂದು ನಿಂತರೆ ಕಡಕಡ ಹಾಗೇ. ಅದರ ಮೂಲ ಹುಡುಕೋಕೆ ಹತ್ತು ನಿಮಿಷ ಹಿಡಿಯಲಿಲ್ಲ. ಗೇರ್‌ಬಾಕ್ಸ್ ಇಳಿಸಿದಾಗ ಇಂಜಿನ್ನಿನ ಹಿಂಭಾಗವೂ ವಾಲಿ, ಸೈಲೆನ್ಸರ್ ಪೈಪು ಹೋಗಿ ಚಾಸಿಗೆ ಒರಗಿತ್ತು. ಒರಗಿದ ಕಡೆ ಬೆಳ್ಳಿ ರೂಪಾಯಿಯಷ್ಟು ಹೊಳೆಯುವ ಮಚ್ಚೆ. ಕ್ಲಾಂಪ್ ಸಡಿಲಿಸಿ ಪೈಪನ್ನು ಸನ್ನೆಕೋಲಿನಲ್ಲಿ ಆ ಕಡೆ ಒತ್ತಿ ಹಿಡಿದರೆ ನಡುಕ ಮಾಯ, ಬಿಟ್ಟರೆ ಹಾಜರು. ಡೀಸೆಲ್ ಇಂಜಿನ್ ನಡುಗೋದು ತಪ್ಪಲ್ಲ, ಅದನ್ನು ತಡೆಯೋಕೇ ರಬ್ಬರ್ ಮೌಂಟಿಂಗ್ ಇರೋದು. ಪೈಪು ಒರಗಿದಾಗ ನಡುಕ ರಬ್ಬರನ್ನು ಬಿಟ್ಟು ಅಡ್ಡದಾರಿಯಲ್ಲಿ ಒಳಗೆ ಬಂದಿತ್ತು. ಒಂದು ತಪ್ಪು ಮುಚ್ಚೋಕೆ ಮಾಡಿದ ಉಪಾಯ ಇನ್ನೊಂದನ್ನು ಹುಟ್ಟಿಸಿತ್ತು. 60,000ದ ಇಂಜಿನ್ ಕೆಲಸ ಅಂದದ್ದು ಇದಕ್ಕೆ.

ಇನ್ನೂ ಒಂದು ಮಾತು ಚಾಚಾ ಮೆಲ್ಲಗೆ ಹೇಳಿದರು. "ಹೌಸಿಂಗ್ ದಿಬ್ಬಕ್ಕೆ ತಾಗ್ತೈತೆ ಅಂತ ಎತ್ತಿಸಿದ್ರಲ್ಲ, ಸ್ಪ್ರಿಂಗ್ ಎತ್ತಿದ್ರೆ ಬಾಡಿ ಮೇಲೆ ಹೋಗ್ತೈತೆ, ಹೌಸಿಂಗ್ ಎಲ್ಲೈತೋ ಅಲ್ಲೇ ಇರ್ತೈತೆ. ಅದನ್ನ ಎತ್ತೋದು ದೊಡ್ಡ ಟೈರು ಮಾತ್ರ." ಬಗ್ಗಿ ನೋಡಿದೆ. ಹೌದು, ಗಡ್ಡೆ ಇದ್ದಲ್ಲೇ ಇದೆ. ಇಷ್ಟು ದಿನ ದಿಬ್ಬಕ್ಕೆ ಒರೆಸಿಕೊಂಡೇ ಹೋಗ್ತಿದ್ದದ್ದನ್ನು ನಾನು ಗಮನಿಸಿರಲಿಲ್ಲ, ಗಮನಿಸೋ ಮನಸ್ಸಿರಲಿಲ್ಲ. ಕಾನೂನಿನ ಮಾತು ಬೇರೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಇದನ್ನೂ ನಾನು ಓದಿಕೊಂಡದ್ದು ಆಮೇಲೆ.

ಅವತ್ತು ಜೀಪನ್ನು ಮಾವನ ಮನೆಯಲ್ಲೇ ಬಿಟ್ಟು ಬಸ್ಸಿನಲ್ಲಿ ಬಂದೆವು. ಅಮ್ಮನಿಗೆ ಎಲ್ಲ ಹೇಳಿದೆ, ಶಾಫ್ಟಿನ ಅಪಾಯ ಒಂದು ಬಿಟ್ಟು. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಹಳೇ ಎತ್ತರಕ್ಕೆ ಬರ್ತೈತಾ?" ಅಂದಳು. ಯಾಕಮ್ಮ ಅಂದೆ. "ನಂಗೆ ಹತ್ತೋಕೆ ಆಗ್ತಿರ್ಲಿಲ್ಲ ಕಣೋ. ಒಂದ್ಸಲ ಕೈ ಜಾರಿತ್ತು. ಕುಂತ್ರೆ ಸೊಂಟದಾಗೆ ಗುಂಯ್‌ ಅಂತಿತ್ತು, ಮೂರು ದಿನ ಎದ್ದೇಳೋಕೆ ಆಗ್ಲಿಲ್ಲ. ನೀನು ಆಸೆಪಟ್ಟು ಮಾಡ್ಸಿದ್ದೆ, ಹೆಂಗೆ ಹೇಳ್ಲಿ?"

ಮುಂದಿನ ವಾರ ಹಳೇ ಶ್ಯಾಕಲ್, ಹಳೇ ಪ್ಲೇಟು ಹುಡುಕಿ ತಂದೆವು. ಪುಣ್ಯಕ್ಕೆ ಅಟ್ಟದ ಮೇಲಿದ್ದವು. ಗೇರ್‌ಬಾಕ್ಸಿನ ಕಬ್ಬಿಣದ ತುಂಡು ತೆಗೆದು ಹಾಕಿದೆವು, ಎರಡೂ ಕ್ರಾಸ್ ಹೊಸದು, ಗ್ರೀಸ್ ತುಂಬಿ. ಮಗಳು ಮತ್ತೆ ಕೋನ ಅಳೆದಳು. ಎರಡೂ ತುದಿ ಸಮ ಬಂತು. ಖರ್ಚು ಹೇಳೋದಿಲ್ಲ, ಹೆಂಡತಿಯೂ ಈ ಪತ್ರಿಕೆ ಓದ್ತಾಳೆ.

ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂದ ಭಾನುವಾರ ಅಮ್ಮ ತಾನೇ ಚೀಲ ಹಿಡಿದು ಬಂದು ನಿಂತಳು. ಕೈಯಲ್ಲೊಂದು ಅಡುಗೆಮನೆಯ ಮಣೆ. ಅದನ್ನು ನೆಲದ ಮೇಲಿಟ್ಟು, ಅದರ ಮೇಲೆ ಕಾಲಿಟ್ಟು, ಕಂಬಿ ಹಿಡಿದು ಹತ್ತಿ ಕೂತಳು. ಬೇಡ ಅಂದರೂ ಮಣೆ ಜೊತೆಗೇ ಬಂತು, ಇಳಿಯೋಕೆ ಬೇಕಂತೆ. ಹೆದ್ದಾರಿಯ ಎರಡೂ ಕಡೆ ಎರೆ ಹೊಲ, ದೂರದಲ್ಲಿ ಒಂಟಿ ಗುಡ್ಡಗಳು. ಸ್ಪೀಡು 55 ಆಯಿತು. ನಾನು ಉಸಿರು ಬಿಗಿಹಿಡಿದು ಗೇರ್ ಲಿವರ್ ಮೇಲೆ ಕೈಯಿಟ್ಟೆ. ಹಳೇ ಡೀಸೆಲ್ ಗಾಡಿಯ ಸದ್ದು ಇದ್ದೇ ಇತ್ತು, ಅಪ್ಪನ ಕಾಲದ ಸದ್ದು. ಗುಂಯ್‌ ಇರಲಿಲ್ಲ. ಹೇಳೋಣ ಅಂತ ತಿರುಗಿದರೆ ಅಮ್ಮ ಆಗಲೇ ಕಂಬಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ತೆಕ್ಕಲಕೋಟೆ ದಾಟಿದ್ದೂ ಅವಳಿಗೆ ಗೊತ್ತಾಗಲಿಲ್ಲ. ಸಿರುಗುಪ್ಪ ಸಮೀಪಿಸಿ ಗದ್ದೆಯ ತಣ್ಣನೆ ಗಾಳಿ ಮುಖಕ್ಕೆ ಬಡಿದಾಗ ಎದ್ದು ಸೆರಗು ಸರಿ ಮಾಡಿಕೊಂಡು, "ನಮ್ಮ ತೂಬಿಗೆ ನೀರು ಬಂದೈತೋ ಇಲ್ವೋ, ಮೊದ್ಲು ಆ ಕಡೆ ತಿರುಗ್ಸು" ಅಂದಳು.